ಕಣ್ಣಿನ ಕೋಣೆಯ ಒಂಟಿ ಹುಡುಗರು

(ನವಲಗುಂದದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ. ಆಡಿದ ಮಾತನ್ನು ಹೆಚ್ಚು ತಿದ್ದದೆ ಕೊಟ್ಟಿದೆ.)



ಕವಿತೆ ಓದಲಿಕ್ಕೆ ಅಂತ ನನ್ನನ್ನು ಕರೆದಿರಿ. ಕವಿತೆ ಇನ್ನೊಮ್ಮೆ ಓದೋಣ. ಇವತ್ತು ಕಣ್ಣಿನ ವಿಷಯ ಮಾತಾಡತೀನಿ. ಬಿ.ಎ. ಮಾಡಿದವನಿಗೆ ಕಣ್ಣಿನ ಆಸ್ಪತ್ರೆಯ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ನನ್ನ ಜೊತೆ ಓದಿದ ಇಬ್ಬರು, ಒಬ್ಬ ಹುಡುಗ, ಒಬ್ಬ ಹುಡುಗಿ, ಈಗ ಸರಕಾರಿ ಆಸ್ಪತ್ರೆಗಳಲ್ಲಿ ಕಣ್ಣು ನೋಡುವ ಕೆಲಸದಲ್ಲಿ ಇದ್ದಾರೆ. ಇಬ್ಬರಿಗೂ ಇನ್ನೂ ಮೂವತ್ತು ತುಂಬಿಲ್ಲ. ಅವರು ರಾತ್ರಿ ಫೋನು ಮಾಡಿ ಹೇಳಿದ್ದನ್ನು ಕೇಳಿ, ಅವರು ಕೊಟ್ಟ ಪುಸ್ತಕ ತಿರುವಿ, ನನಗೆ ತಿಳಿದದ್ದನ್ನು ನಿಮ್ಮ ಮುಂದೆ ಇಡತೀನಿ. ಅವರ ಹೆಸರು ಹೇಳುವುದಿಲ್ಲ. ನೌಕರಿ ಗುತ್ತಿಗೆ ಮೇಲಿನದು.

ಮೊದಲು ಈ ಹುಡುಗರು ಯಾರು ಅಂತ ತಿಳಕೊಳ್ಳೋಣ. ಅವರ ಓದಿಗೆ ಆಪ್ಟೊಮೆಟ್ರಿ ಅಂತ ಹೆಸರು. ಪಿಯುಸಿ ವಿಜ್ಞಾನ ಆದ ಮೇಲೆ ಮೂರು ವರ್ಷ ಓದು, ಒಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ. ಊರಿನ ಜನಕ್ಕೆ ಈ ಹೆಸರು ಬರುವುದಿಲ್ಲ. "ಚಸಮಾ ಬರಿಯೋ ಹುಡುಗ" ಅಂತಾರ. ಇಲ್ಲಾ "ಕಣ್ಣಿನ ಡಾಕ್ಟ್ರು" ಅಂತಾರ. ಎರಡೂ ಸರಿಯಲ್ಲ. ಕಣ್ಣಿನ ಡಾಕ್ಟರು ಎಂ.ಬಿ.ಬಿ.ಎಸ್. ಓದಿ, ಆಮೇಲೆ ಕಣ್ಣನ್ನೇ ಓದಿದವರು; ಆಪರೇಷನ್ ಅವರ ಕೆಲಸ. ಆಪ್ಟೊಮೆಟ್ರಿಸ್ಟ್ ದೃಷ್ಟಿ ಅಳೆಯುತ್ತಾನೆ, ಕನ್ನಡಕದ ನಂಬರು ತೆಗೆಯುತ್ತಾನೆ, ಕಣ್ಣಿನ ಒತ್ತಡ ನೋಡುತ್ತಾನೆ, ಹೊರಗಿನ ಕಣ್ಣು ಒಳಗಿನ ಕಣ್ಣು ಪರೀಕ್ಷೆ ಮಾಡಿ ರೋಗದ ಗುರುತು ಹಿಡಿಯುತ್ತಾನೆ. ನಮ್ಮ ದೇಶದಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಲ್ಲಿ ಶುರುವಾಯಿತು. ಆ ಕಾರ್ಯಕ್ರಮದಿಂದ ಸಣ್ಣ ಆಸ್ಪತ್ರೆಗಳಿಗೆ ನೇತ್ರ ಸಹಾಯಕರು ಬಂದರು. ಈಗ ನಮ್ಮ ಕಡೆ ಅವರನ್ನು ನೇತ್ರಾಧಿಕಾರಿ ಅಂತ ಕರೆಯುತ್ತಾರೆ. ಡಿಪ್ಲೊಮಾ ಮಾಡಿದವರೂ ಇದ್ದಾರೆ, ಡಿಗ್ರಿ ಮಾಡಿದವರೂ ಇದ್ದಾರೆ. 2021ರಲ್ಲಿ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿ ಆಪ್ಟೊಮೆಟ್ರಿಸ್ಟರನ್ನು ಆರೋಗ್ಯ ವೃತ್ತಿಪರರ ಪಟ್ಟಿಗೆ ಸೇರಿಸಿತು. ಅಲ್ಲಿಯವರೆಗೆ ಇಡೀ ದೇಶಕ್ಕೆ ಒಂದೇ ಅನ್ನುವಂಥ ಕಾನೂನು ಅವರಿಗೆ ಇರಲಿಲ್ಲ.

ಹೆಸರಿನ ಜಗಳ ಇರಲಿ. ನಾನು ಹೇಳಬೇಕಾದ ಮಾತು ಒಂದೇ. ಹಳ್ಳಿಯ ಕೂಲಿಕಾರನ ಕಣ್ಣಿಗೆ ಪೆಟ್ಟಾದಾಗ, ಕಣ್ಣು ಓದಿದವರಲ್ಲಿ ಅವನು ಮೊದಲು ಕಾಣುವ ಮುಖ ಈ ಹುಡುಗನದು. ಬಹಳ ಸಲ ಕೊನೆಯ ಮುಖವೂ ಅವನದೇ. ಕಣ್ಣು ಉಳಿಯುತ್ತದೋ ಹೋಗುತ್ತದೋ ಅನ್ನುವುದು ಆ ಸಣ್ಣ ಕೋಣೆಯಲ್ಲಿ ನಿರ್ಧಾರ ಆಗುತ್ತದೆ. ಆ ಕೋಣೆಯಲ್ಲಿ ಹುಡುಗನನ್ನು ಒಂಟಿಯಾಗಿ ಬಿಟ್ಟರೆ ಹೋಗುವ ಕಣ್ಣು ನಮ್ಮ ಜನರದು.

ಕಣ್ಣು ಅಂದ ಕೂಡಲೇ ನಮ್ಮ ಹಿರಿಯರಿಗೆ ನೆನಪಾಗುವುದು ಡಾ. ಮೋದಿ. ಬಿಜಾಪುರ ಜಿಲ್ಲೆಯಲ್ಲಿದ್ದ, ಈಗ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಮುರುಗೆಪ್ಪ ಚನ್ನವೀರಪ್ಪ ಮೋದಿಯವರು ಊರೂರಿಗೆ ಹೋಗಿ ಶಿಬಿರ ಮಾಡಿದರು. ಲಕ್ಷಗಟ್ಟಲೆ ಜನರ ಪೊರೆ ತೆಗೆದರು. ಶಾಲೆ, ಮಠ, ಛತ್ರ ಎಲ್ಲವೂ ಆಸ್ಪತ್ರೆ ಆದವು. ಆ ಕಾಲದಲ್ಲಿ ಆಪರೇಷನ್ ಆದ ಅಜ್ಜ ಅಜ್ಜಿಯರು ದಪ್ಪ ಗಾಜಿನ ಚಸಮಾ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಆಸ್ಪತ್ರೆಯೇ ಇಲ್ಲದ ಕಡೆ ಆಸ್ಪತ್ರೆಯನ್ನು ಹೊತ್ತುಕೊಂಡು ಹೋದ ಮನುಷ್ಯ ಅವರು. ಅವರ ಋಣ ದೊಡ್ಡದು.

ಆದರೆ ಶಿಬಿರಕ್ಕೆ ಒಂದು ಮಿತಿ ಇದೆ. ಪೊರೆ ಕಾಯುತ್ತದೆ. ಈ ತಿಂಗಳು ಆಗದಿದ್ದರೆ ಮುಂದಿನ ತಿಂಗಳು ತೆಗೆಸಬಹುದು. ಶಿಬಿರದ ತಾರೀಖು ನೋಡಿಕೊಂಡು ಕಾಯಲಾರದ ರೋಗಗಳು ಬೇರೆ ಇವೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಏನು ಹೇಳುತ್ತದೆ? 50 ವರ್ಷ ದಾಟಿದವರಲ್ಲಿ ಕುರುಡುತನದ ನೂರಕ್ಕೆ 66 ಪಾಲು ಪೊರೆಯಿಂದ. ಉಳಿದ ಮೂರರಲ್ಲೊಂದು ಪಾಲು ಪೊರೆಯದಲ್ಲ. ಕಣ್ಣಿನ ಕರಿಗುಡ್ಡೆಯ ಮೇಲೆ ಬೀಳುವ ಬಿಳಿ ಕಲೆ, ಗ್ಲಾಕೋಮಾ, ಕಣ್ಣಿನ ಹಿಂದಿನ ಪರದೆಯ ರೋಗ, ಕೆಟ್ಟುಹೋದ ಆಪರೇಷನ್ ಇವೆಲ್ಲ ಅದರಲ್ಲಿ ಸೇರಿವೆ. 50ರ ಒಳಗಿನವರಲ್ಲಿ, ಅಂದರೆ ದುಡಿಯುವ ವಯಸ್ಸಿನವರಲ್ಲಿ, ಕರಿಗುಡ್ಡೆಯ ಕಲೆಯೇ ಮೊದಲ ಕಾರಣ. ನಮ್ಮ ಕಡೆ "ಕಣ್ಣಾಗ ಹೂ ಬಿದ್ದೈತಿ" ಅಂತಾರಲ್ಲ, ಅದು.

ಆ ಹೂ ಹ್ಯಾಂಗ ಬೀಳತೈತಿ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳತೀನಿ, ಯಾಕಂದರೆ ಇದು ನಮ್ಮ ಹೊಲದ ಕತೆ.

ನವಲಗುಂದ ಎರೆ ಭೂಮಿ. ಕಡಲೆ, ಗೋಧಿ, ಕುಸುಬಿ, ಹತ್ತಿ, ಗೋವಿನಜೋಳ. ಕುಸುಬಿ ಎಲೆಗೆ ಮುಳ್ಳು ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಡಲೆ ರಾಶಿ ಮಾಡುವಾಗ ಮಷಿನ್ನಿನ ಮುಂದೆ ನಿಂತವಳ ಮುಖಕ್ಕೆ ಹೊಟ್ಟು ಹಾರುತ್ತದೆ. ಒಂದು ಸಣ್ಣ ಚೂರು ಕಣ್ಣಿಗೆ ತಾಗಿ ಕರಿಗುಡ್ಡೆಯನ್ನು ಕೆರೆಯುತ್ತದೆ. ಕೆರೆದ ಗಾಯ ಕಣ್ಣಿಗೆ ಕಾಣುವುದಿಲ್ಲ. ಸೆರಗಿನಿಂದ ಉಜ್ಜಿಕೊಂಡು ಅವಳು ಕೆಲಸ ಮುಂದುವರಿಸುತ್ತಾಳೆ. ಸಂಜೆ ಕಣ್ಣು ಚುಚ್ಚುತ್ತದೆ. ಕೆಲವು ಕಡೆ ನಾಲಿಗೆಯಿಂದ ಕಸ ತೆಗೆಯುವವರ ಹತ್ತಿರ ಕರಕೊಂಡು ಹೋಗುತ್ತಾರೆ. ಯಾರೋ ಎದೆಹಾಲು ಹಿಂಡುತ್ತಾರೆ, ಯಾರೋ ಎಲೆಯ ರಸ ಹಾಕುತ್ತಾರೆ. ಎರಡನೆಯ ದಿನ, "ಇವತ್ತ ಹೋಗಲಿಲ್ಲಂದ್ರ ಪಗಾರ ಹೋಕ್ಕೈತಿ" ಅಂತ ಮತ್ತೆ ರಾಶಿಗೆ ಹೋಗುತ್ತಾಳೆ. ಮೂರನೆಯ ದಿನ ಮೆಡಿಕಲ್ ಶಾಪಿನಲ್ಲಿ "ಕಣ್ಣು ಕೆಂಪಾಗೇದ್ರಿ" ಅಂದರೆ ಒಂದು ಡ್ರಾಪ್ಸ್ ಕೊಡುತ್ತಾರೆ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಒಂದು ದಿನ ಕೆಂಪು ಇಳಿಯುತ್ತದೆ, ಹಾಯ್ ಅನ್ನಿಸುತ್ತದೆ. ಒಳಗೆ ಮಾತ್ರ ಬೆಂಕಿ. ಯಾಕಂದರೆ ಗಿಡದ ಚೂರಿನಿಂದ ಆದ ಗಾಯಕ್ಕೆ ಬೂಸ್ಟು ಹತ್ತುತ್ತದೆ. ಹೌದು, ಹಳಸಿದ ರೊಟ್ಟಿಗೆ ಹತ್ತುವಂಥದೇ ಬೂಸ್ಟು. ಸ್ಟೆರಾಯ್ಡ್ ಕಣ್ಣಿನ ಕಾವಲನ್ನು ಮಲಗಿಸಿ ಆ ಬೂಸ್ಟಿಗೆ ದಾರಿ ಬಿಡುತ್ತದೆ. ಏಳನೆಯ ದಿನವೋ ಹತ್ತನೆಯ ದಿನವೋ ಅವಳು ಸರಕಾರಿ ಆಸ್ಪತ್ರೆಗೆ ಬಂದಾಗ ಕರಿಗುಡ್ಡೆಯ ಮೇಲೆ ಬಿಳಿ ಮಚ್ಚೆ.

ಈಗ ಕೋಣೆಯಲ್ಲಿ ಕೂತ ಹುಡುಗ ಏನು ಮಾಡಬೇಕು? ಅವನು ಕಾಲೇಜಿನಲ್ಲಿ ಇಂಥ ಕಣ್ಣು ನೋಡಿದ್ದಾನೆ. ಆದರೆ ಅಲ್ಲಿ ಬೆನ್ನ ಹಿಂದೆ ದೊಡ್ಡ ಡಾಕ್ಟರು ನಿಂತಿದ್ದರು. ಇಲ್ಲಿ ಬೆನ್ನ ಹಿಂದೆ ಕ್ಯಾಲೆಂಡರು ಇದೆ. ಹೊರಗೆ ಐವತ್ತು ಜನರ ಸಾಲು.

ಅವನು ಮೊದಲು ಕೇಳಬೇಕು: ಏನು ಬಿತ್ತು, ಎಂದು ಬಿತ್ತು, ಏನೇನು ಹಾಕಿದಿರಿ. ಡ್ರಾಪ್ಸಿನ ಬಾಟಲಿ ತೋರಿಸು ಯವ್ವಾ ಅನ್ನಬೇಕು. ಎರಡೂ ಕಣ್ಣಿನ ದೃಷ್ಟಿ ಬೇರೆ ಬೇರೆ ಅಳೆದು ಬರೆದುಕೊಳ್ಳಬೇಕು. ಬಣ್ಣದ ಕಾಗದದ ಪಟ್ಟಿ ಇರುತ್ತದೆ, ಫ್ಲೋರೆಸಿನ್ ಅಂತ. ಅದನ್ನು ತಾಗಿಸಿ ನೀಲಿ ಬೆಳಕು ಬಿಟ್ಟರೆ ಗಾಯ ಹಸಿರಾಗಿ ಹೊಳೆಯುತ್ತದೆ. ಮಚ್ಚೆಯ ಅಂಚು ಗರಿಯ ಹಾಗೆ ಹರಡಿದೆಯೋ, ಸುತ್ತ ಸಣ್ಣ ಸಣ್ಣ ಚುಕ್ಕೆ ಇವೆಯೋ ನೋಡಬೇಕು. ಇದ್ದರೆ ಬೂಸ್ಟಿನ ಅನುಮಾನ ಗಟ್ಟಿ. ಸ್ಟೆರಾಯ್ಡ್ ನಿಲ್ಲಿಸಬೇಕು. ಕಣ್ಣಿಗೆ ಬಟ್ಟೆ ಬಿಗಿದು ಕಟ್ಟಬಾರದು. ಅವತ್ತೇ, ಅವತ್ತೇ ಅಂದೆ, ಕಣ್ಣಿನ ಡಾಕ್ಟರ ಹತ್ತಿರ ಕಳಿಸಬೇಕು. ಅಲ್ಲಿ ಗಾಯವನ್ನು ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಬೂಸ್ಟಿಗೇ ಬೇಕಾದ ನಾಟಮೈಸಿನ್‌ನಂಥ ಔಷಧಿ ಶುರು ಮಾಡುತ್ತಾರೆ. ತಾಸಿಗೊಮ್ಮೆ ಹಾಕಬೇಕು, ವಾರಗಟ್ಟಲೆ ಹಾಕಬೇಕು.

ಇದಿಷ್ಟೂ ಹತ್ತು ನಿಮಿಷದ ಕೆಲಸ. ಈ ಹತ್ತು ನಿಮಿಷ ತಪ್ಪಿದರೆ ಒಂದು ಕಣ್ಣು.

ಇನ್ನು ಬೇರೆ ಕೇಸುಗಳನ್ನು ಬೇಗ ಬೇಗ ಹೇಳತೀನಿ. ಒಬ್ಬ ಅಜ್ಜಿ ತಲೆನೋವು, ವಾಂತಿ ಅಂತ ಬರುತ್ತಾಳೆ. ಹೊಟ್ಟೆಯ ಗುಳಿಗೆ ಕೊಟ್ಟು ಕಳಿಸಿರುತ್ತಾರೆ. ಕಣ್ಣು ಕೆಂಪಾಗಿದೆ, ಪಾಪೆ ಹಿಗ್ಗಿ ಹಾಗೇ ನಿಂತಿದೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಅನ್ನುತ್ತಾಳೆ. ಅದು ಹೊಟ್ಟೆಯದಲ್ಲ. ಕಣ್ಣಿನ ಒತ್ತಡ ಒಮ್ಮೆಲೇ ಏರಿದೆ. ತಾಸುಗಳ ಲೆಕ್ಕದಲ್ಲಿ ದೃಷ್ಟಿಯ ನರ ಸಾಯುತ್ತದೆ.

ಎರಡು ವರ್ಷದ ಕೂಸಿನ ಫೋಟೋ ತೆಗೆದಾಗ ಒಂದು ಪಾಪೆ ಬೆಳ್ಳಗೆ ಹೊಳೆಯಿತು ಅಂತ ತಾಯಿ ಬರುತ್ತಾಳೆ. ಅದು ಪೊರೆ ಇರಬಹುದು, ಕ್ಯಾನ್ಸರೂ ಇರಬಹುದು. ಆ ಕ್ಯಾನ್ಸರಿಗೆ ರೆಟಿನೊಬ್ಲಾಸ್ಟೊಮ ಅಂತ ಹೆಸರು. ಬೇಗ ಹಿಡಿದರೆ ಜೀವ ಉಳಿಯುತ್ತದೆ, ಕಣ್ಣೂ ಉಳಿಯಬಹುದು. "ದೊಡ್ಡಾಂವ ಆದ ಮ್ಯಾಲೆ ನೋಡೂಣು" ಅಂದರೆ ಮುಗಿಯಿತು. ಮೆಳ್ಳೆಗಣ್ಣಿನ ಮಗುವನ್ನು "ಅದೃಷ್ಟ" ಅಂತ ಬಿಟ್ಟಿರುತ್ತಾರೆ. ಏಳೆಂಟು ವರ್ಷ ದಾಟಿದರೆ ಆ ಕಣ್ಣಿಗೆ ನೋಡುವುದನ್ನು ಕಲಿಸುವುದು ಬಹಳ ಕಷ್ಟ.

ಎಲೆ ಅಡಿಕೆಯ ಸುಣ್ಣದ ಪಾಕೀಟು ಹಿಡಿದು ಆಡುವಾಗ ಅದು ಒಡೆದು ಕಣ್ಣಿಗೆ ಸಿಡಿದ ಹುಡುಗ ಬರುತ್ತಾನೆ. ಹತ್ತಿಗೆ ಎಣ್ಣೆ ಹೊಡೆಯುವಾಗ ಗಾಳಿ ತಿರುಗಿ ಮುಖಕ್ಕೆ ಬಡಿದವನು ಬರುತ್ತಾನೆ. ಇಲ್ಲಿ ಚೀಟಿ ಮಾಡಿಸುವ ಸಾಲಿನಲ್ಲಿ ನಿಲ್ಲಿಸಲೇಬಾರದು. ಮೊದಲು ನೀರು. ಶುದ್ಧ ನೀರಿನಿಂದ ಅರ್ಧ ತಾಸು ತೊಳೆಯುತ್ತಲೇ ಇರಬೇಕು, ರೆಪ್ಪೆ ಮಗುಚಿ ಸುಣ್ಣದ ಹರಳು ತೆಗೆಯಬೇಕು; ಆಮೇಲೆ ಹೆಸರು, ಊರು, ಆಧಾರ್.

ಇವು ಗದ್ದಲ ಮಾಡಿಕೊಂಡು ಬರುವ ಕೇಸು. ಸದ್ದಿಲ್ಲದೆ ಬರುವವು ಇನ್ನೂ ಕಠಿಣ. ನಮ್ಮ ಊರಿನ ಜಮಖಾನ ಲೋಕಕ್ಕೆಲ್ಲ ಗೊತ್ತು. ನವಿಲು, ಪಗಡೆ ಹಾಸು, ಎಲ್ಲ ನೇಯುವವರು ಹೆಣ್ಣುಮಕ್ಕಳು. ನಲವತ್ತು ದಾಟಿದ ಮೇಲೆ ಹತ್ತಿರದ ನೂಲು ಮಸುಕಾಗುತ್ತದೆ. ನಮ್ಮ ಹಿರಿಯರು ಇದಕ್ಕೆ ಎಷ್ಟು ಸರಿಯಾದ ಹೆಸರಿಟ್ಟಿದ್ದಾರೆ ನೋಡ್ರಿ: ಚಾಳೀಸು. ನಲವತ್ತರ ಕನ್ನಡಕ. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ ಕೂಲಿಗಳಿಗೆ ಹತ್ತಿರದ ಕನ್ನಡಕ ಕೊಟ್ಟು ನೋಡಿದರು; ಅವರು ಕಿತ್ತ ಎಲೆಯ ತೂಕ ಕನ್ನಡಕ ಇಲ್ಲದವರಿಗಿಂತ ನೂರಕ್ಕೆ 20ರಷ್ಟು ಹೆಚ್ಚಾಯಿತು. 2018ರಲ್ಲಿ ಅದು ಪ್ರಕಟವಾಯಿತು. ಹಾಗಾದರೆ ಚಾಳೀಸು ಸಣ್ಣ ಮಾತಲ್ಲ, ಪಗಾರದ ಮಾತು. ಆದರೆ ಚಾಳೀಸು ಕೇಳಿಕೊಂಡು ಬಂದ ಹೆಣ್ಣುಮಗಳಿಗೆ ನಂಬರು ಬರೆದು ಕಳಿಸಿದರೆ ಅರ್ಧ ಕೆಲಸ. ಅವಳ ಕಣ್ಣಿನ ಒತ್ತಡ ನೋಡಿದನೇ? ಒಳಗೆ ಬೆಳಕು ಬಿಟ್ಟು ನರ ನೋಡಿದನೇ? ಸಕ್ಕರೆ ಬ್ಯಾನಿ ಐತೇನು ಅಂತ ಕೇಳಿದನೇ? ಗ್ಲಾಕೋಮಾ ಬಹಳ ಮಂದಿಗೆ ನೋವಿಲ್ಲದೆ ಅಂಚಿನಿಂದ ಒಳಗೆ ತಿನ್ನುತ್ತಾ ಬರುತ್ತದೆ. ಸಕ್ಕರೆ ಕಾಯಿಲೆ ಕಣ್ಣಿನ ಪರದೆಯ ಮೇಲೆ ರಕ್ತ ಸುರಿಸುವವರೆಗೂ ತಿಳಿಯುವುದಿಲ್ಲ. ಚಸಮಾದ ಸಾಲಿನಲ್ಲೇ ಈ ಎರಡೂ ಅಡಗಿ ನಿಂತಿರುತ್ತವೆ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ತಿರುಗಿ ಬರುವುದಿಲ್ಲ. ಇದ್ದದ್ದನ್ನು ಉಳಿಸಿಕೊಳ್ಳಬಹುದು, ಅಷ್ಟೇ.

ಹಾಸ್ಟೆಲಿನ ಗ್ವಾಡಿ ಮ್ಯಾಲೆ ಬಾಬಾಸಾಹೇಬರ ಫೋಟೋ ಇರತೈತಿ. ಆ ದುಂಡು ಕನ್ನಡಕವನ್ನು ನಾವು ದಿನಾ ನೋಡತೀವಿ. ಆ ಕನ್ನಡಕದ ಹಿಂದಿನ ಕಣ್ಣಿನ ಬಗ್ಗೆ ಯೋಚನೆ ಮಾಡೀವೇನು? ಕೊನೆಯ ವರ್ಷಗಳಲ್ಲಿ ಅವರಿಗೆ ಸಕ್ಕರೆ ಕಾಯಿಲೆ ಇತ್ತು, ದೃಷ್ಟಿ ಕುಂದುತ್ತಿತ್ತು. ಆ ಸ್ಥಿತಿಯಲ್ಲೇ ಅವರು 1956ರವರೆಗೆ ಬುದ್ಧನ ಬಗೆಗಿನ ದೊಡ್ಡ ಪುಸ್ತಕ ಬರೆದರು. ಅಷ್ಟು ಓದಿದ ಮನುಷ್ಯನಿಗೆ ಅಕ್ಷರ ಮಸುಕಾಗುವುದು ಅಂದರೆ ಏನು ಅಂತ ಓದುವ ಹುಡುಗರಾದ ನಿಮಗೆ ನಾನು ಹೇಳಬೇಕಿಲ್ಲ.

ಇನ್ನು ಒಂಟಿತನದ ಮಾತಿಗೆ ಬರತೀನಿ. ನನ್ನ ಗೆಳತಿ ಒಂದು ಸಲ ಫೋನಿನಲ್ಲಿ ಹೇಳಿದಳು: "ಕಳಸೂದು ಅಂದ್ರ ಸೋಲು ಅಂತ ತಿಳದಾರ. ಕಳಿಸಿದ್ರ 'ಇಕೀಗೆ ಬರಂಗಿಲ್ಲ' ಅಂತಾರ. ಇಟಗೊಂಡ್ರ ಕಣ್ಣು ಹೋಕ್ಕೈತಿ. ಏನ್ ಮಾಡ್ಲಿ?" ಆ ಮಾತು ನನ್ನನ್ನು ಬಹಳ ದಿನ ಕಾಡಿತು. ತನಗೆ ತಿಳಿಯದ್ದನ್ನು ತಿಳಿಯದು ಅನ್ನುವುದಕ್ಕೆ ಧೈರ್ಯ ಬೇಕು. ಗುತ್ತಿಗೆ ನೌಕರಿಯ ಇಪ್ಪತ್ತನಾಲ್ಕು ವರ್ಷದ ಹುಡುಗಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಸಂಬಳ ತಿಂಗಳು ತಿಂಗಳು ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಕಣ್ಣಿನ ಕೋಣೆಯಿಂದ ಎಬ್ಬಿಸಿ ಬೇರೆ ಕೆಲಸಕ್ಕೆ ಹಚ್ಚುತ್ತಾರೆ. ಮೇಲಿನಿಂದ ಕೇಳುವುದು ಎರಡೇ ಲೆಕ್ಕ: ಎಷ್ಟು ಪೊರೆ ಕೇಸು ಕಳಿಸಿದಿ, ಎಷ್ಟು ಶಾಲೆ ಮಕ್ಕಳಿಗೆ ಕನ್ನಡಕ ಕೊಟ್ಟಿ. ಆ ಲೆಕ್ಕ ಬೇಕು, ಬೇಡ ಅನ್ನುವುದಿಲ್ಲ. ಆದರೆ ರಾಶಿ ಹೊಲದಿಂದ ಬಂದವಳ ಕಣ್ಣು ಉಳಿಸಿದ್ದು ಯಾವ ಕಾಲಮಿನಲ್ಲಿ ಬರೆಯಬೇಕು ಅಂತ ಅವಳು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಹೇಳುವುದು ಇಷ್ಟು. ಹೊತ್ತಿಗೆ ಸರಿಯಾಗಿ, ಸರಿಯಾದ ಚೀಟಿ ಬರೆದು ಕಳಿಸುವುದು ಸೋಲಲ್ಲ. ಅದೇ ಚಿಕಿತ್ಸೆ. ಕೈ ತೊಳೆದುಕೊಳ್ಳುವ ಚೀಟಿ ಒಂದಿದೆ: "ಕಣ್ಣು ಬ್ಯಾನಿ, ಮುಂದಿನ ಚಿಕಿತ್ಸೆಗೆ ಕಳಿಸಿದೆ." ಅದನ್ನು ಹಿಡಿದುಕೊಂಡು ಹೋದವಳು ಹುಬ್ಬಳ್ಳಿಯಲ್ಲಿ ಮೊದಲಿನಿಂದ ಕತೆ ಹೇಳಬೇಕು, ಹೇಳಲಿಕ್ಕೆ ಬಾಯಿ ಬರದೆ ನಿಲ್ಲುತ್ತಾಳೆ. ಇನ್ನೊಂದು ಚೀಟಿ ಇದೆ: ಯಾವ ಕಣ್ಣು, ಯಾವ ತಾರೀಖಿಗೆ ಏನು ಬಿತ್ತು, ಬಂದಾಗ ದೃಷ್ಟಿ ಎಷ್ಟಿತ್ತು, ಮಚ್ಚೆ ಎಷ್ಟು ದೊಡ್ಡದು, ಯಾವ ಡ್ರಾಪ್ಸ್ ಹಾಕಿದ್ದರು, ನನಗೆ ಯಾವ ಅನುಮಾನ. ಆರು ಸಾಲು. ಆ ಆರು ಸಾಲು ಬರೆಯುವವನು ಚಸಮಾ ಬರೆಯುವ ಹುಡುಗ ಅಲ್ಲ.

ಚೀಟಿ ಬರೆದ ಮೇಲೂ ದಾರಿ ಇದೆ. ನವಲಗುಂದದಿಂದ ಹುಬ್ಬಳ್ಳಿಗೆ ಬಸ್ಸು ಇದೆ. ಜನ ಕಿಮ್ಸ್ ಅಂತ ಕರೆಯುವ ದೊಡ್ಡ ಸರಕಾರಿ ಆಸ್ಪತ್ರೆ ಅಲ್ಲಿದೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸಿನ ಚಾರ್ಜಿಲ್ಲ. ಆದರೂ ಅವಳು ಹೋಗುವುದಿಲ್ಲ. ಯಾಕೆ? ಜೊತೆಗೆ ಒಬ್ಬರು ಬೇಕು, ಅವರ ಪಗಾರ ಹೋಗುತ್ತದೆ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಎಲ್ಲಿ ಅಂತ ಓದಲಿಕ್ಕೆ ಬರುವುದಿಲ್ಲ. ಯಾರಾದರೂ ಗದರಿಸಿದರೆ ತಿರುಗಿ ಕೇಳುವ ರೂಢಿ ಇಲ್ಲ. ಹಾಗಾಗಿ ಆ ಆರು ಸಾಲಿನ ಚೀಟಿ ಗೂಡಿನಲ್ಲಿ ಕೂಡುತ್ತದೆ.

ಇದೆಲ್ಲ ಹಣೆಬರಹ ಅಂತ ಕೂಡಬೇಕೇನು? ಇಲ್ಲ. ಆಗುತ್ತದೆ ಅನ್ನುವುದಕ್ಕೆ ಸಾಕ್ಷಿ ಇದೆ.

ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಕಣ್ಣಿನ ಗೆರೆ ಗಾಯ ಗುರುತಿಸಲು ಕಲಿಸಿ, ಕೈಯಲ್ಲಿ ಒಂದು ಸಾದಾ ಮುಲಾಮು ಕೊಟ್ಟರು. 2001ರಲ್ಲಿ ಅದರ ಫಲಿತಾಂಶ ಅಚ್ಚಾಯಿತು. ಗಾಯವಾದ 18 ತಾಸಿನೊಳಗೆ ಮುಲಾಮು ಹಚ್ಚಿಸಿಕೊಂಡ ಒಬ್ಬರಿಗೂ ಹುಣ್ಣಾಗಲಿಲ್ಲ. ತಡವಾದ ಹಾಗೆಲ್ಲ ಹುಣ್ಣು ಹೆಚ್ಚಾಯಿತು. ಆಮೇಲೆ ಅದೇ ದೇಶದಲ್ಲಿ ನಡೆದ ಇನ್ನೊಂದು ದೊಡ್ಡ ಪ್ರಯೋಗದಲ್ಲಿ ಹಳ್ಳಿಗೆ ಹಳ್ಳಿ ಹೋಲಿಸಿದಾಗ ಅಷ್ಟು ಫಲ ಕಾಣಲಿಲ್ಲ ಅನ್ನುವುದನ್ನೂ ಹೇಳಬೇಕು. ಮುಲಾಮು ಇಟ್ಟುಕೊಂಡು ಕೂತರೆ ಸಾಲದು, ಜನ ಬರಬೇಕು, ಅವತ್ತೇ ಬರಬೇಕು. ನನಗೆ ಇದರಿಂದ ತಿಳಿದದ್ದು ಅಷ್ಟು.

ನಮ್ಮ ರಾಜ್ಯದ್ದೇ ಇನ್ನೊಂದು ಸಾಕ್ಷಿ. ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಕಣ್ಣಿನ ಪರದೆಯಲ್ಲಿ ರಕ್ತನಾಳ ಅಡ್ಡಾದಿಡ್ಡಿ ಬೆಳೆದು ಕೆಲವೇ ವಾರದಲ್ಲಿ ಕುರುಡಾಗಬಹುದು. 34 ವಾರಕ್ಕಿಂತ ಮೊದಲು ಹುಟ್ಟಿದ, ಇಲ್ಲವೇ 2 ಕಿಲೋಕ್ಕಿಂತ ಕಡಿಮೆ ತೂಕದ ಕೂಸಿನ ಕಣ್ಣನ್ನು 30 ದಿನದೊಳಗೆ ತೋರಿಸಬೇಕು. ಇದನ್ನು ನೋಡಬಲ್ಲ ಡಾಕ್ಟರು ಜಿಲ್ಲೆ ಜಿಲ್ಲೆಗೆ ಎಲ್ಲಿಂದ ಬರಬೇಕು? 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದವರು ಕಿಡ್ರಾಪ್ ಅಂತ ಶುರು ಮಾಡಿದರು, ಸರಕಾರವೂ ಕೈ ಜೋಡಿಸಿತು. ಡಾಕ್ಟರಲ್ಲದ ಹುಡುಗರಿಗೆ ತರಬೇತಿ ಕೊಟ್ಟು, ಕ್ಯಾಮರಾ ಕೊಟ್ಟು, ಊರೂರಿನ ಕೂಸುಗಳ ವಾರ್ಡಿಗೆ ಕಳಿಸಿದರು. ಅವರು ಕಣ್ಣಿನ ಪರದೆಯ ಫೋಟೋ ತೆಗೆದು, ಯಾವ ಕೂಸಿಗೆ ಈಗಲೇ ಚಿಕಿತ್ಸೆ ಬೇಕು, ಯಾವುದನ್ನು ಮತ್ತೆ ನೋಡಬೇಕು ಅಂತ ಬೇರ್ಪಡಿಸುತ್ತಾರೆ. ಫೋಟೋವನ್ನು ದೂರದ ತಜ್ಞರು ನೋಡುತ್ತಾರೆ. ಇದಕ್ಕಿಂತ ನಾಜೂಕಿನ ಕೇಸು ಇನ್ನೊಂದಿಲ್ಲ. ಡಾಕ್ಟರಲ್ಲದ ಹುಡುಗರು ಅದನ್ನು ಮಾಡುತ್ತಿದ್ದಾರೆ. ಹೇಗೆ? ಕೈಯಲ್ಲಿ ಸಾಧನ, ತಲೆಯಲ್ಲಿ ತರಬೇತಿ, ಬೆನ್ನಿಗೆ ತಜ್ಞ. ಮೂರೂ ಇದ್ದವು. ನಮ್ಮ ತಾಲ್ಲೂಕಿನ ಕಣ್ಣಿನ ಕೋಣೆಗಳಿಗೂ ಬೇಕಾದದ್ದು ಈ ಮೂರೇ.

ಸರಕಾರ ಆಶಾಕಿರಣ ಅಂತ ಯೋಜನೆ ತಂದು ಮನೆ ಮನೆಗೆ ಹೋಗಿ ಕಣ್ಣು ತಪಾಸಣೆ ಮಾಡಿಸಿತು. ಮೊದಲ ಹಂತದ ಜಿಲ್ಲೆಗಳಲ್ಲಿ ನಮ್ಮ ಪಕ್ಕದ ಹಾವೇರಿಯೂ ಒಂದು. ಒಳ್ಳೆಯ ಕೆಲಸ. ಆದರೆ ಹುಡುಕಿ ತೆಗೆದ ಕಣ್ಣನ್ನು ವರ್ಷಗಟ್ಟಲೆ ಕಾಯುವವರು ಯಾರು? ಗ್ಲಾಕೋಮಾದವನು ಬದುಕಿರುವವರೆಗೂ ಡ್ರಾಪ್ಸ್ ಹಾಕಬೇಕು. ಅವನು ತಪ್ಪಿಸಿದರೆ ಕೇಳುವವನು ಆ ಕೋಣೆಯ ಹುಡುಗನೇ.

ಇನ್ನೊಂದು ಮಾತು ಹೇಳದೆ ಮುಗಿಸಲಾರೆ. ಕಣ್ಣು ನೋಡುವ ಕೆಲಸ ದೂರದಿಂದ ಆಗುವುದಿಲ್ಲ. ಉಸಿರಿಗೆ ಉಸಿರು ತಾಗುವಷ್ಟು ಹತ್ತಿರ ಕೂಡಬೇಕು. ಹೆಬ್ಬೆರಳಿನಿಂದ ರೆಪ್ಪೆ ಎತ್ತಬೇಕು. ಸ್ಲಿಟ್ ಲ್ಯಾಂಪ್ ಅನ್ನುವ ಯಂತ್ರಕ್ಕೆ ಗದ್ದ ಇಡುವ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯ ಮೇಲೆ ಗೌಡರ ಗದ್ದವೂ ಕೂತು ಏಳುತ್ತದೆ, ಅವರ ಹೊಲದ ಆಳಿನ ಗದ್ದವೂ ಕೂತು ಏಳುತ್ತದೆ. ನನ್ನ ಗೆಳೆಯ ನಮ್ಮ ಕೇರಿಯವನು. ಒಬ್ಬ ಹಿರಿಯರು ಬಂದು ಮೊದಲು ಅವನ ಅಡ್ಡಹೆಸರು ಕೇಳಿದರಂತೆ. ಅವನು ಹೇಳಿದನಂತೆ, "ಯಜ್ಜಾ, ಗದ್ದಾ ಇಡ್ರಿ, ಮ್ಯಾಲೆ ನೋಡ್ರಿ." ಅವರು ಇಟ್ಟರು. ಅದೇ ಹುಡುಗ ಮುಟ್ಟಿ ನೋಡಿದ್ದಕ್ಕೇ ಅವರ ಗ್ಲಾಕೋಮಾ ಗೊತ್ತಾಯಿತು. ಇದನ್ನು ದೊಡ್ಡ ಕ್ರಾಂತಿ ಅಂತ ನಾನು ಹೇಳುವುದಿಲ್ಲ. ಮನೆಗೆ ಹೋಗಿ ಅವರು ಸ್ನಾನ ಮಾಡಿರಲೂಬಹುದು. ಆದರೆ ನಮ್ಮ ಕೇರಿಯ ಅಜ್ಜಿ ಆ ಕೋಣೆಗೆ ಬಂದಾಗ ಬಾಗಿಲಲ್ಲಿ ಹೆದರಿ ನಿಲ್ಲುವುದಿಲ್ಲ. "ಬಾ ಯವ್ವಾ, ಕುರ್ಚಿ ಮ್ಯಾಲೆ ಕೂಡು" ಅನ್ನುವವನು ಅಲ್ಲಿದ್ದಾನೆ. ನೋವು ಯಾವಾಗ ಶುರುವಾಯಿತು ಅಂತ ಅವಳು ಅವನಿಗೆ ನಿಜ ಹೇಳುತ್ತಾಳೆ. ಗಟ್ಟಿ ಕೇಸಿನಲ್ಲಿ ಅರ್ಧ ಔಷಧಿ ಆ ನಿಜವೇ.

ಆದ್ದರಿಂದ ನಿಮಗೆ ನನ್ನ ಮಾತು ಮೂರು.

ಒಂದು: ನಿಮ್ಮಲ್ಲಿ ವಿಜ್ಞಾನ ಓದುವವರು ಈ ದಾರಿಯನ್ನೂ ನೋಡಿ. ಡಾಕ್ಟರು, ಇಂಜಿನಿಯರು ಎರಡೇ ಅಂತ ಹೇಳಿ ಹೇಳಿ ನಮ್ಮ ತಲೆ ಕೆಡಿಸಿದ್ದಾರೆ. ಆಪ್ಟೊಮೆಟ್ರಿ ಡಿಗ್ರಿ ಇದೆ, ನೇತ್ರ ತಂತ್ರಜ್ಞಾನದ ಡಿಪ್ಲೊಮಾ ಇದೆ. ಸೀಟು, ಸ್ಕಾಲರ್‌ಶಿಪ್ಪು ವಿಚಾರಿಸಿ. ಆದರೆ ಬರೀ ನೌಕರಿಗೆ ಅಂತ ಹೋಗಬೇಡಿ. ಓದುವುದು ಬಹಳ ಇದೆ, ನೌಕರಿ ಸಿಕ್ಕ ಮೇಲೂ ಇದೆ.

ಎರಡು: ಈ ಹುಡುಗರ ಪರವಾಗಿ ಕೇಳಿ. ಕೇಳುವುದು ಈ ಊರಿಗೆ ಹೊಸದಲ್ಲ. 1980ರ ಜುಲೈ 21ರಂದು ಮಲಪ್ರಭಾ ನೀರಿನ ಕರದ ವಿರುದ್ಧ ನಿಂತ ರೈತರ ಮೇಲೆ ಗುಂಡು ಹಾರಿದ ಊರು ಇದು. ನಾವು ಕೇಳುವುದು ಇಷ್ಟು: ಮಂಜೂರಾದ ಪ್ರತಿ ಹುದ್ದೆಗೂ ಕಾಯಂ ನೇಮಕ. ಪ್ರತಿ ತಾಲ್ಲೂಕಿನಲ್ಲಿ ನಡೆಯುವ ಸ್ಲಿಟ್ ಲ್ಯಾಂಪ್, ಒತ್ತಡ ಅಳೆಯುವ ಯಂತ್ರ, ಬಣ್ಣದ ಪಟ್ಟಿ, ಔಷಧಿ. ಫೋಟೋ ಕಳಿಸಿದರೆ ಅವತ್ತೇ ಉತ್ತರ ಕೊಡುವ ಒಬ್ಬ ಕಣ್ಣಿನ ಡಾಕ್ಟರು. ವರ್ಷಕ್ಕೊಮ್ಮೆ ದೊಡ್ಡ ಆಸ್ಪತ್ರೆಯಲ್ಲಿ ಮರುತರಬೇತಿ. ಕಳಿಸಿದ ರೋಗಿ ತಲುಪಿದನೋ ಇಲ್ಲವೋ ಅನ್ನುವ ಲೆಕ್ಕ. ಈ ಲೆಕ್ಕ ಕೇಳದೆ ಇನ್ನಾವ ಲೆಕ್ಕ ಕೇಳಿದರೂ ವ್ಯರ್ಥ.

ಮೂರು: ಇದಕ್ಕೆ ಸರಕಾರದ ಆದೇಶ ಬೇಕಿಲ್ಲ. ನಮ್ಮಲ್ಲಿ ಹುಬ್ಬಳ್ಳಿ, ಧಾರವಾಡದ ಹಾಸ್ಟೆಲುಗಳಲ್ಲಿ ಓದುವವರು ಎಷ್ಟು ಮಂದಿ ಇದ್ದೀರಿ? ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯಿಂದ ಕಣ್ಣಿನ ಚೀಟಿ ಹಿಡಿದುಕೊಂಡು ಬರುವವರನ್ನು ಬಸ್ ನಿಲ್ದಾಣದಲ್ಲಿ ಕೂಡಿಕೊಂಡು, ಆಸ್ಪತ್ರೆಯ ಕಣ್ಣಿನ ವಿಭಾಗದವರೆಗೆ ಕರಕೊಂಡು ಹೋಗಿ, ಡಾಕ್ಟರು ಹೇಳಿದ್ದನ್ನು ಅವರಿಗೆ ತಿಳಿಯುವ ಹಾಗೆ ಹೇಳಿ, ಸಂಜೆ ಬಸ್ಸು ಹತ್ತಿಸಬೇಕು. ಒಬ್ಬರಿಗೆ ತಿಂಗಳಿಗೆ ಒಂದು ದಿನ ಸಾಕು. ಹಳ್ಳಿಯಲ್ಲಿ ಇರುವವರು ರಾಶಿಯ ದಿನಗಳಲ್ಲಿ ಮನೆಯವರಿಗೆ ಹೇಳಿ: ಕಣ್ಣಿಗೆ ಚೂರು ಬಿದ್ದರೆ ಉಜ್ಜಬೇಡ್ರಿ, ಹಾಲು ರಸ ಹಿಂಡಬೇಡ್ರಿ, ಕೇಳಿ ತಂದ ಡ್ರಾಪ್ಸ್ ಹಾಕಬೇಡ್ರಿ, ಅವತ್ತೇ ನಡೀರಿ. ಸುಣ್ಣ, ಎಣ್ಣೆ ಬಿದ್ದರೆ ಮೊದಲು ನೀರು.

ಕೋಣೆಯ ಒಳಗಿನ ಹುಡುಗ ಆರು ಸಾಲಿನ ಚೀಟಿ ಬರೆಯಲಿ. ಆ ಚೀಟಿಗೆ ಕಾಲು ಆಗುವುದು ನಮ್ಮ ಕೆಲಸ.

ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ನೋಟುಬುಕ್ಕು ಇಟ್ಟಿದ್ದಾರೆ. ಹೋಗುವಾಗ ಹೆಸರು, ಹಾಸ್ಟೆಲು, ನಿಮಗೆ ಬಿಡುವಿರುವ ವಾರ ಬರೆದು ಹೋಗಿ. ಕಡಲೆ ರಾಶಿ ಶುರುವಾಗುವುದರೊಳಗೆ ಪಟ್ಟಿ ತಯಾರಾಗಬೇಕು.